ಬೆಳ್ಳಿಗೆ ದಕ್ಕದ ನಂಬಿಕೆ



ಸ್ವೀಡನ್ ದೇಶದಲ್ಲಿ ಉಪ್‌ಲಾಂಡ್ ಎಂಬ ಸೀಮೆ ಇದೆ. ಅಲ್ಲಿನ ಒಂದು ಚರ್ಚಿನ ಅಂಗಳದಲ್ಲಿ ಸುಮಾರು 1000 ವರ್ಷ ಹಳೆಯದಾದ ಕಲ್ಲೊಂದು ನಿಂತಿದೆ. ಉಲ್ಫ್ ಎಂಬ ತಂದೆಯ ನೆನಪಿಗೆ ಅವನ ಮಕ್ಕಳು ನಿಲ್ಲಿಸಿದ ಕಲ್ಲು. ಅದರ ಮೇಲೆ ರೂನ್ ಎಂಬ ಹಳೆಯ ಲಿಪಿಯಲ್ಲಿ ನಾಲ್ಕು ಮಾತು ಕೊರೆದಿದ್ದಾರೆ. ಅಪ್ಪ ಇಂಗ್ಲೆಂಡಿಗೆ ಹೋಗಿದ್ದ, ಅಲ್ಲಿ ಮೂರು ಸಲ ಕಪ್ಪದ ಹಣದಲ್ಲಿ ಪಾಲು ಪಡೆದ ಎಂಬುದೇ ಆ ಮಾತಿನ ಸಾರ. ಹಣ ಹಂಚಿದ ಮೂವರು ನಾಯಕರ ಹೆಸರೂ ಅಲ್ಲಿದೆ. ಮಕ್ಕಳಿಗೆ ಅದು ಹೆಮ್ಮೆಯ ಸಂಗತಿ.

ಆದರೆ ಆ ಹಣ ಕೊಟ್ಟವರು ಯಾರು? ಅವರ ಕಥೆ ಏನು? ಇವತ್ತಿನ ಮಾತು ಅವರನ್ನು ಕುರಿತದ್ದು. ಇಂಗ್ಲೆಂಡನ್ನು ಸುಮಾರು 38 ವರ್ಷ ಆಳಿದ ಎಥೆಲ್ರೆಡ್ ಎಂಬ ಆಂಗ್ಲೋ-ಸ್ಯಾಕ್ಸನ್ ದೊರೆಯನ್ನು ಕುರಿತದ್ದು. ಅವನು ಪಟ್ಟಕ್ಕೆ ಬಂದದ್ದು 978ರಲ್ಲಿ. ತೀರಿಕೊಂಡದ್ದು 1016ರಲ್ಲಿ. ಈ ನಡುವೆ ಉತ್ತರದ ಕಡಲಿನಿಂದ ವೈಕಿಂಗರ, ಅಂದರೆ ಸ್ಕ್ಯಾಂಡಿನೇವಿಯದ ದಾಳಿಕೋರರ, ಹಡಗುಗಳು ಮತ್ತೆ ಮತ್ತೆ ಬಂದವು. ದೊರೆ ಮತ್ತೆ ಮತ್ತೆ ಬೆಳ್ಳಿ ತೆತ್ತ. ಕೊನೆಗೆ ರಾಜ್ಯ ಡೆನ್ಮಾರ್ಕಿನವರಾದ ಡೇನರ ಪಾಲಾಯಿತು.

ಬೆಳ್ಳಿ ತೆತ್ತದ್ದರಿಂದಲೇ ರಾಜ್ಯ ಹೋಯಿತು ಎಂದು ಬಹಳ ಜನ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ರಾಜ್ಯ ಹೋದದ್ದು ನಂಬಿಕೆ ಹೋದದ್ದರಿಂದ. ದೊರೆಗೆ ತನ್ನವರ ಮೇಲೆ, ಅವನವರಿಗೆ ದೊರೆಯ ಮೇಲೆ ನಂಬಿಕೆ ಉಳಿಯಲಿಲ್ಲ. ಈ ಒಂದು ಮಾತನ್ನು ಘಟನೆಗಳ ಜೊತೆಯಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ರಾಜ್ಯ ಹೇಗಿತ್ತು ಎಂದು ನೋಡೋಣ. ಅದು ಬಡ ರಾಜ್ಯವಲ್ಲ, ಅವ್ಯವಸ್ಥೆಯ ರಾಜ್ಯವೂ ಅಲ್ಲ. ಅದಕ್ಕೂ 100 ವರ್ಷ ಹಿಂದೆ ಮಹಾ ಆಲ್ಫ್ರೆಡ್ ದೊರೆ ವೈಕಿಂಗರನ್ನು ತಡೆದು ನಿಲ್ಲಿಸಿದ್ದ. ಅವನ ಮಗ, ಮಗಳು, ಮೊಮ್ಮಕ್ಕಳು ಸೇರಿ ಇಡೀ ಇಂಗ್ಲೆಂಡನ್ನು ಒಂದು ಆಳ್ವಿಕೆಗೆ ತಂದಿದ್ದರು. ಎಥೆಲ್ರೆಡನ ತಂದೆ ಎಡ್ಗರ್ ಆಳಿದ್ದು ಶಾಂತಿಯ ಕಾಲ.

ಆ ರಾಜ್ಯದ ಶಕ್ತಿಯನ್ನು ತಿಳಿಯಲು ಅದರ ಒಂದು ನಾಣ್ಯ ಸಾಕು. ಪೆನ್ನಿ ಎಂಬ ಬೆಳ್ಳಿಯ ನಾಣ್ಯ. ತೆಳ್ಳನೆಯದು. ಸುಮಾರು ಒಂದೂವರೆ ಗ್ರಾಂ ತೂಕ. ಒಂದು ಮುಖದಲ್ಲಿ ದೊರೆಯ ತಲೆ, ಅದರ ಸುತ್ತ ಅವನ ಹೆಸರು. ಇನ್ನೊಂದು ಮುಖದಲ್ಲಿ ಶಿಲುಬೆ. ಶಿಲುಬೆಯ ಸುತ್ತ ಟಂಕಿಸಿದ ಅಕ್ಕಸಾಲಿಗನ ಹೆಸರು, ಅವನ ಊರಿನ ಹೆಸರು. ತೂಕ ಕಡಿಮೆಯಾದರೆ ಯಾರನ್ನು ಹಿಡಿಯಬೇಕು ಎಂಬುದು ನಾಣ್ಯದ ಮೇಲೆಯೇ ಇತ್ತು. 60ರ ಆಸುಪಾಸು ಊರುಗಳಲ್ಲಿ ಟಂಕಸಾಲೆಗಳಿದ್ದವು. ಕೆಲವು ವರ್ಷಕ್ಕೊಮ್ಮೆ ಹಳೆಯ ನಾಣ್ಯವನ್ನು ಹಿಂದೆ ಪಡೆದು, ಹೊಸ ಅಚ್ಚಿನಲ್ಲಿ ಟಂಕಿಸುತ್ತಿದ್ದರು. ಆ ಕಾಲದ ಯೂರೋಪಿನಲ್ಲಿ ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಇನ್ನೆಲ್ಲೂ ಇರಲಿಲ್ಲ ಎನ್ನಬಹುದು. ಹಾಗಾಗಿ ದೊರೆ ಹಣ ಬೇಕೆಂದರೆ ಹಣ ಬರುತ್ತಿತ್ತು. ಇದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ರಾಜ್ಯ ಗಟ್ಟಿಯಾಗಿತ್ತು. ಆದರೆ ಎಥೆಲ್ರೆಡ್ ಪಟ್ಟಕ್ಕೆ ಬಂದ ರೀತಿ ಗಟ್ಟಿಯಾಗಿರಲಿಲ್ಲ.

975ರಲ್ಲಿ ಎಡ್ಗರ್ ತೀರಿಕೊಂಡ. ಇಬ್ಬರು ಗಂಡುಮಕ್ಕಳು, ಇಬ್ಬರ ತಾಯಂದಿರು ಬೇರೆ. ಹಿರಿಯವನು ಎಡ್ವರ್ಡ್, ಕಿರಿಯವನು ಎಥೆಲ್ರೆಡ್. ಸಾಮಂತರು ಎರಡು ಪಕ್ಷವಾದರು. ಹಿರಿಯವನಿಗೆ ಪಟ್ಟವಾಯಿತು. ಮೂರು ವರ್ಷ ಕಳೆಯುವುದರೊಳಗೆ, 978ರ ಮಾರ್ಚ್ 18ರಂದು, ಡಾರ್ಸೆಟ್ ಸೀಮೆಯ ಕಾರ್ಫ್ ಎಂಬಲ್ಲಿ ಆ ಎಳೆಯ ದೊರೆಯನ್ನು ಕೊಂದರು. ಅವನು ಮಲತಾಯಿಯನ್ನೂ ತಮ್ಮನನ್ನೂ ನೋಡಲು ಬಂದಿದ್ದಾಗ ನಡೆದ ಕೊಲೆ ಎಂಬ ಮಾತು ಉಳಿದು ಬಂದಿದೆ. ಕೊಂದವರಿಗೆ ಶಿಕ್ಷೆಯಾಗಲಿಲ್ಲ.

ಆಗ ಎಥೆಲ್ರೆಡನಿಗೆ 10-12 ವರ್ಷ. ಕೊಲೆಯಲ್ಲಿ ಆ ಹುಡುಗನ ಕೈ ಇರಲಿಲ್ಲ. ಯಾರೂ ಹಾಗೆ ಹೇಳಲೂ ಇಲ್ಲ. ಆದರೆ ಅವನ ಸಿಂಹಾಸನಕ್ಕೆ ದಾರಿ ಮಾಡಿಕೊಟ್ಟದ್ದು ಆ ಕೊಲೆಯೇ. ಕೆಲವೇ ವರ್ಷಗಳಲ್ಲಿ ಜನ ಸತ್ತ ಅಣ್ಣನನ್ನು ಸಂತನೆಂದು ಪೂಜಿಸತೊಡಗಿದರು. ಒಡೆಯನನ್ನು ಕೊಂದವರು ಶಿಕ್ಷೆಯಿಲ್ಲದೆ ಉಳಿದುಕೊಳ್ಳಬಹುದು ಎಂದು ರಾಜ್ಯ ಕಲಿತದ್ದು ಅಂದು. ಅದು ಕೆಟ್ಟ ಪಾಠ.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದು ಎರಡು ಮಾತು. ರಾಜ್ಯ ಶ್ರೀಮಂತವಾಗಿತ್ತು. ಆಳ್ವಿಕೆ ಸ್ವಾಮಿದ್ರೋಹದ ನೆರಳಿನಲ್ಲಿ ಶುರುವಾಯಿತು. ಈಗ ಹಡಗುಗಳ ವಿಷಯಕ್ಕೆ ಬರೋಣ.

980ರಲ್ಲಿ ವೈಕಿಂಗರ ಹಡಗುಗಳು ಮತ್ತೆ ಕಾಣಿಸಿಕೊಂಡವು. ಸೌತಾಂಪ್ಟನ್ ಊರನ್ನು ಸೂರೆ ಮಾಡಿದರು. ಊರಿನವರಲ್ಲಿ ಹೆಚ್ಚಿನವರನ್ನು ಕೊಂದರು ಇಲ್ಲವೇ ಹಿಡಿದೊಯ್ದರು. ಮೊದಮೊದಲು ಬಂದವು ಸಣ್ಣ ತಂಡಗಳು. 991ರಲ್ಲಿ ಬಂದದ್ದು ದೊಡ್ಡ ಪಡೆ. 90ಕ್ಕೂ ಹೆಚ್ಚು ಹಡಗು. ಅದು ಎಸೆಕ್ಸ್ ಸೀಮೆಯ ಮಾಲ್ಡನ್ ಬಳಿ ತಂಗಿತು.

ಆ ಜಾಗವನ್ನು ಮನಸ್ಸಿಗೆ ತಂದುಕೊಳ್ಳಿ. ಅಳಿವೆಯ ನಡುವೆ ಒಂದು ತಗ್ಗು ದ್ವೀಪ. ದ್ವೀಪಕ್ಕೂ ದಡಕ್ಕೂ ನಡುವೆ ಒಂದು ಕಿರುದಾರಿ. ಭರತ ಬಂದರೆ ದಾರಿ ಮುಳುಗುತ್ತದೆ, ಇಳಿತ ಬಂದರೆ ತೆರೆದುಕೊಳ್ಳುತ್ತದೆ. ದ್ವೀಪದಲ್ಲಿ ವೈಕಿಂಗರು. ದಡದಲ್ಲಿ ಎಸೆಕ್ಸಿನ ಪ್ರಾಂತಾಧಿಪತಿ ಬಿರ್ಟ್ನಾತ್, ತಲೆ ನರೆತ ಮುದುಕ, ಅವನ ಸುತ್ತ ಅವನ ಪಡೆ. ಈ ಕಾಳಗವನ್ನು ಹಾಡಿದ ಒಂದು ಹಳೆಯ ಇಂಗ್ಲಿಷ್ ಕಾವ್ಯ ನಮಗೆ ಉಳಿದು ಬಂದಿದೆ, ಮೊದಲೂ ಕೊನೆಯೂ ಹರಿದುಹೋದ ಸ್ಥಿತಿಯಲ್ಲಿ. ಅದರ ಪ್ರಕಾರ ವೈಕಿಂಗರು ಹಣ ಕೇಳಿದರು. ಬಿರ್ಟ್ನಾತ್ ಕೊಡಲಿಲ್ಲ. ಅವರಿಗೆ ದಾಟಿ ಬರಲು ದಾರಿ ಬಿಟ್ಟ. ಕಾಳಗದಲ್ಲಿ ಸತ್ತ.

ಕಾವ್ಯ ಮುಖ್ಯವಾಗಿ ಹೇಳುವುದು ಅವನು ಸತ್ತ ಮೇಲಿನ ಕಥೆಯನ್ನು. ಒಬ್ಬ ಅವನದೇ ಕುದುರೆ ಏರಿ ಓಡಿಹೋದ. ಕುದುರೆ ಕಂಡು ಒಡೆಯನೇ ಓಡಿದನೆಂದು ಬಗೆದು ಬಹಳ ಜನ ಹಿಂದೆಯೇ ಓಡಿದರು. ಉಳಿದವರು ಒಡೆಯನ ಹೆಣದ ಸುತ್ತ ನಿಂತು ಒಬ್ಬೊಬ್ಬರಾಗಿ ಸತ್ತರು. ಆ ಕಾಲದ ಜನ ಯಾವುದನ್ನು ದೊಡ್ಡದೆಂದು ಎಣಿಸುತ್ತಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ಗೆಲುವಿಗಿಂತ ಕೊಟ್ಟ ಮಾತು ದೊಡ್ಡದು.

ಮಾಲ್ಡನ್ ಸೋತ ಮೇಲೆ ರಾಜ್ಯ ಹಣ ಕೊಟ್ಟಿತು. 991ರಲ್ಲಿ 10 ಸಾವಿರ ಪೌಂಡ್ ಬೆಳ್ಳಿ. ಸಲಹೆ ಕೊಟ್ಟವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್.

ಹಣ ಕೊಡುವುದು ಎಥೆಲ್ರೆಡ್ ಕಂಡುಹಿಡಿದ ಉಪಾಯವಲ್ಲ. 845ರಲ್ಲಿ ಪ್ಯಾರಿಸ್ ಉಳಿಸಿಕೊಳ್ಳಲು ಫ್ರಾಂಕರ ದೊರೆ 7 ಸಾವಿರ ಪೌಂಡ್ ಕೊಟ್ಟಿದ್ದ. ಉಸಿರಾಡಲು ಸಮಯ ಬೇಕಾದಾಗ ಹಣ ಕೊಟ್ಟು ಸಮಯ ಕೊಳ್ಳುವುದು ಹೇಡಿತನವಲ್ಲ, ರಾಜನೀತಿ. ಒಮ್ಮೆ ಅದು ಫಲವನ್ನೂ ಕೊಟ್ಟಿತು. 994ರಲ್ಲಿ ನಾರ್ವೆಯ ಓಲಾಫ್ ಮತ್ತು ಡೆನ್ಮಾರ್ಕಿನ ದೊರೆ ಸ್ವೇನ್ ಒಟ್ಟಾಗಿ ಲಂಡನ್ನಿನ ಮೇಲೆ ಬಿದ್ದರು. ಲಂಡನ್ನಿನ ಜನ ಹೊಡೆದೋಡಿಸಿದರು. ಆಮೇಲೆ 16 ಸಾವಿರ ಪೌಂಡ್ ಕೊಟ್ಟು ಸಂಧಿಯಾಯಿತು. ಓಲಾಫ್ ಆಂಡೋವರ್ ಎಂಬಲ್ಲಿ ಎಥೆಲ್ರೆಡನನ್ನು ಧರ್ಮಪಿತನನ್ನಾಗಿ ಸ್ವೀಕರಿಸಿ, ಇನ್ನು ಈ ನಾಡಿಗೆ ಹಗೆಯಾಗಿ ಬರುವುದಿಲ್ಲ ಎಂದು ಮಾತು ಕೊಟ್ಟ. ಮಾತು ಉಳಿಸಿಕೊಂಡ. ಮತ್ತೆ ಬರಲಿಲ್ಲ. ಇಲ್ಲಿ ಕೆಲಸ ಮಾಡಿದ್ದು ಬೆಳ್ಳಿಯೊಂದೇ ಅಲ್ಲ. ಬೆಳ್ಳಿಯ ಜೊತೆಗೆ ಒಂದು ಮಾತೂ ಇತ್ತು.

ಆದರೆ ಎಲ್ಲರೂ ಓಲಾಫರಲ್ಲ. ಒಬ್ಬ ಹೋದರೆ ಇನ್ನೊಬ್ಬ ಬಂದ. ಮೊತ್ತ ಏರುತ್ತಾ ಹೋಯಿತು. 1002ರಲ್ಲಿ 24 ಸಾವಿರ ಪೌಂಡ್. 1007ರಲ್ಲಿ 36 ಸಾವಿರ. 1012ರಲ್ಲಿ 48 ಸಾವಿರ. ಇವು ಆಂಗ್ಲೋ-ಸ್ಯಾಕ್ಸನ್ ವೃತ್ತಾಂತ ಎಂಬ ಹಳೆಯ ವರ್ಷವಾರು ದಾಖಲೆ ಕೊಡುವ ಅಂಕಿಗಳು. ಒಂದು ಪೌಂಡಿಗೆ 240 ಪೆನ್ನಿ. ಹಾಗಾದರೆ 48 ಸಾವಿರ ಪೌಂಡ್ ಎಂದರೆ 1 ಕೋಟಿ 15 ಲಕ್ಷ ಪೆನ್ನಿ. ಈ ಕಾಲದ ಇಂಗ್ಲಿಷ್ ನಾಣ್ಯಗಳು ಇಂಗ್ಲೆಂಡಿಗಿಂತ ಹೆಚ್ಚಾಗಿ ಸ್ಕ್ಯಾಂಡಿನೇವಿಯದ ಮಣ್ಣಿನಲ್ಲಿ ಸಿಕ್ಕಿವೆ. ಆ ಅಚ್ಚುಕಟ್ಟಾದ ವ್ಯವಸ್ಥೆ ಕೊನೆಯವರೆಗೂ ಕೆಲಸ ಮಾಡಿತು. ಹಣ ಕೇಳಿದಷ್ಟು ಬಂತು.

ಕೇಳುಗರೇ, ಹಣದ ಕಥೆ ಇಷ್ಟು. ರಾಜ್ಯ ಹಣ ಕೊಟ್ಟಿತು, ಕೊಡುವ ಶಕ್ತಿ ಅದಕ್ಕಿತ್ತು. ಆದರೆ ಕೊಂಡ ಸಮಯವನ್ನು ಹೇಗೆ ಬಳಸಿತು? ಇನ್ನು ಹೇಳುವುದು ಅದನ್ನು.

992ರಲ್ಲಿ ದೊರೆ ಲಂಡನ್ನಿನಲ್ಲಿ ಹಡಗುಗಳನ್ನು ಸೇರಿಸಿದ. ವೈಕಿಂಗರನ್ನು ಕಡಲಿನಲ್ಲೇ ಮುತ್ತಿ ಹಿಡಿಯುವ ಯೋಜನೆ. ಪಡೆಯ ನಾಯಕರಲ್ಲಿ ಒಬ್ಬ ಆಲ್ಫ್ರಿಕ್, ಹ್ಯಾಂಪ್ಶೈರಿನ ಪ್ರಾಂತಾಧಿಪತಿ. ಅವನು ಶತ್ರುಗಳಿಗೆ ಮೊದಲೇ ಸುದ್ದಿ ಮುಟ್ಟಿಸಿದ. ಕಾಳಗದ ಹಿಂದಿನ ರಾತ್ರಿ ತಾನೂ ಪಡೆ ಬಿಟ್ಟು ಹೋದ. ಯೋಜನೆ ಕೆಟ್ಟಿತು.

ದೊರೆ ಏನು ಮಾಡಬೇಕಿತ್ತು? ಆಲ್ಫ್ರಿಕನನ್ನು ವಿಚಾರಿಸಬೇಕಿತ್ತು. ತಪ್ಪಿದ್ದರೆ ಪದವಿಯಿಂದ ತೆಗೆಯಬೇಕಿತ್ತು. ಆದದ್ದು ಬೇರೆ. ಮರುವರ್ಷ ಆಲ್ಫ್ರಿಕನ ಮಗ ಆಲ್ಫ್ಗಾರನ ಕಣ್ಣು ಕೀಳಿಸಿದ. ಅಪ್ಪನನ್ನು ಮಾತ್ರ ಪದವಿಯಲ್ಲೇ ಉಳಿಸಿಕೊಂಡ. ಹತ್ತು ವರ್ಷದ ಮೇಲೆ, 1003ರಲ್ಲಿ, ಡೇನರ ಎದುರು ನಿಂತ ಪಡೆಗೆ ಅದೇ ಆಲ್ಫ್ರಿಕ್ ನಾಯಕ. ಎರಡೂ ಪಡೆಗಳು ಮುಖಾಮುಖಿ ಆದಾಗ ಅವನು ಕಾಯಿಲೆಯೆಂದು ವಾಂತಿ ಮಾಡಿಕೊಳ್ಳಲು ತೊಡಗಿದ. ಪಡೆ ಚದುರಿತು. ಮಗನ ಕಣ್ಣು ಕಿತ್ತ ದೊರೆಗಾಗಿ ಅಪ್ಪ ಪ್ರಾಣ ಕೊಟ್ಟು ಕಾದಾಡಬೇಕು ಎಂದು ಆ ದೊರೆ ಹೇಗೆ ನಿರೀಕ್ಷಿಸಿದ? ಶಿಕ್ಷೆ ಇದ್ದರೆ ನ್ಯಾಯವಾಗಿ ಇರಬೇಕು. ಕ್ಷಮೆ ಇದ್ದರೆ ಪೂರ್ತಿ ಇರಬೇಕು. ಅರ್ಧ ಶಿಕ್ಷೆ, ಅರ್ಧ ಕ್ಷಮೆಯಿಂದ ಹುಟ್ಟುವುದು ಹಗೆ ಮಾತ್ರ.

ಇದಕ್ಕಿಂತ ಭೀಕರವಾದದ್ದು 1002ರ ನವೆಂಬರ್ 13ರಂದು ನಡೆಯಿತು. ಅಂದು ಸಂತ ಬ್ರೈಸನ ಹಬ್ಬ. ಡೇನರು ತನ್ನನ್ನೂ ತನ್ನ ಮಂತ್ರಿಗಳನ್ನೂ ಕೊಂದು ರಾಜ್ಯ ಕಸಿಯಲು ಹೊಂಚುತ್ತಿದ್ದಾರೆ ಎಂದು ಯಾರೋ ದೊರೆಗೆ ಹೇಳಿದ್ದರು. ಇಂಗ್ಲೆಂಡಿನಲ್ಲಿರುವ ಡೇನರನ್ನೆಲ್ಲ ಕೊಲ್ಲಿ ಎಂದು ಅವನು ಆಜ್ಞೆ ಮಾಡಿದ. ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ಡೇನರ ವಂಶಸ್ಥರು 100 ವರ್ಷಕ್ಕೂ ಹೆಚ್ಚು ಕಾಲದಿಂದ ಹೊಲ ಉತ್ತು ಬದುಕುತ್ತಿದ್ದರು. ಅಲ್ಲೆಲ್ಲ ಈ ಆಜ್ಞೆ ನಡೆಯುವಂತಿರಲಿಲ್ಲ. ನಡೆದದ್ದು ಡೇನರು ಕಡಿಮೆ ಇದ್ದ ಊರುಗಳಲ್ಲಿ.

ಆಕ್ಸ್‌ಫರ್ಡ್ ಊರಿನ ಕಥೆ ನಮಗೆ ದೊರೆಯ ಬಾಯಿಂದಲೇ ಗೊತ್ತು. 1004ರಲ್ಲಿ ಅಲ್ಲಿನ ಸಂತ ಫ್ರೈಡ್ಸ್ವೈಡಳ ಚರ್ಚಿಗೆ ಅವನು ಕೊಟ್ಟ ದಾನಶಾಸನ ಇದೆ. ಅದರಲ್ಲಿ ಅವನು ಡೇನರನ್ನು ಗೋಧಿಯ ನಡುವೆ ಬೆಳೆದ ಕಳೆಗೆ ಹೋಲಿಸುತ್ತಾನೆ. ಕೊಲ್ಲಬೇಕೆಂದದ್ದು ನ್ಯಾಯವೇ ಎನ್ನುತ್ತಾನೆ. ಪ್ರಾಣ ಉಳಿಸಿಕೊಳ್ಳಲು ಡೇನರು ಚರ್ಚಿನ ಬಾಗಿಲು ಮುರಿದು ಒಳಹೊಕ್ಕರು. ಊರಿನವರು ಹೊರಗಿನಿಂದ ಬೆಂಕಿ ಇಟ್ಟರು. ಚರ್ಚು ಸುಟ್ಟುಹೋಯಿತು, ಅದರ ಪುಸ್ತಕಗಳೂ ಸುಟ್ಟುಹೋದವು.

ಕೇಳುಗರೇ, ಆ ದಿನ ಸತ್ತವರು ಹಡಗಿನಲ್ಲಿ ಬಂದ ದರೋಡೆಕೋರರಲ್ಲ. ಪಕ್ಕದ ಮನೆಯವರು. ದೊರೆಯ ರಕ್ಷಣೆ ನಂಬಿ ಬದುಕುತ್ತಿದ್ದವರು. ತನ್ನ ಆಸರೆಯಲ್ಲಿರುವವರನ್ನು ಹುಟ್ಟಿನ ಕಾರಣಕ್ಕೆ ಕೊಲ್ಲಿಸುವ ದೊರೆಯನ್ನು ಇನ್ನು ಯಾರು ನಂಬಬೇಕು? ಅವನ ಆಳ್ವಿಕೆಯ ಅತಿ ದೊಡ್ಡ ಪಾಪ ಇದೇ ಎಂದು ನಾನು ತಿಳಿದಿದ್ದೇನೆ. ಅದರಿಂದ ಸುರಕ್ಷತೆಯೂ ಸಿಗಲಿಲ್ಲ. ಮರುವರ್ಷವೇ ಸ್ವೇನ್ ಬಂದು ಎಕ್ಸೆಟರ್ ಊರನ್ನು ಹಾಳುಮಾಡಿದ. ಅದರ ಮುಂದಿನ ವರ್ಷ ನಾರ್ವಿಚ್ ಸುಟ್ಟ.

ಇಲ್ಲಿಗೆ ಸ್ವಲ್ಪ ನಿಂತು ಹಿಂತಿರುಗಿ ನೋಡೋಣ. ನಾಯಕನೊಬ್ಬ ದೊರೆಗೆ ಮೋಸ ಮಾಡಿದ. ದೊರೆ ನಾಯಕನ ಮಗನಿಗೆ ಅನ್ಯಾಯ ಮಾಡಿದ. ಹೆದರಿಕೆಯಿಂದ ತನ್ನ ಪ್ರಜೆಗಳನ್ನೇ ಕೊಲ್ಲಿಸಿದ. ನಂಬಿಕೆ ಎರಡೂ ಕಡೆಯಿಂದ ಸವೆಯುತ್ತಿತ್ತು. ಆ ಸವೆತ ರಾಜ್ಯರಕ್ಷಣೆಯನ್ನೇ ಹೇಗೆ ಮುರಿಯಿತು ಎಂಬುದಕ್ಕೆ 1009ರ ಒಂದು ಘಟನೆ ಸಾಕ್ಷಿ.

1008ರಲ್ಲಿ ದೊರೆ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದ. ಇಡೀ ದೇಶ ಹಡಗು ಕಟ್ಟಬೇಕು. ಭೂಮಿಯ ಅಳತೆಯ ಮೇಲೆ ಹೊಣೆ ಹಂಚಲಾಯಿತು. ಸುಮಾರು 300 ಹೈಡ್ ಭೂಮಿಗೆ ಒಂದು ಹಡಗು. ಒಂದು ಹೈಡ್ ಎಂದರೆ ಒಂದು ಕುಟುಂಬ ಬದುಕಲು ಸಾಕಾಗುವಷ್ಟು ನೆಲ. 8 ಹೈಡಿಗೆ ಒಂದು ಶಿರಸ್ತ್ರಾಣ, ಒಂದು ಕವಚ. ಒಂದೇ ವರ್ಷದಲ್ಲಿ ಹಡಗುಗಳು ಸಿದ್ಧವಾದವು. 1009ರಲ್ಲಿ ಕೆಂಟ್ ಸೀಮೆಯ ಸ್ಯಾಂಡ್ವಿಚ್ ರೇವಿನಲ್ಲಿ ಅವೆಲ್ಲ ಸೇರಿದವು. ಇಷ್ಟು ಹಡಗು ಇಂಗ್ಲೆಂಡಿನಲ್ಲಿ ಯಾವ ದೊರೆಯ ಕಾಲದಲ್ಲೂ ಸೇರಿರಲಿಲ್ಲ ಎಂದು ವೃತ್ತಾಂತ ಬರೆಯುತ್ತದೆ. ಜನ ತಮ್ಮ ಪಾಲಿನ ಕೆಲಸವನ್ನು ಮಾಡಿ ಮುಗಿಸಿದ್ದರು.

ಆಗ ದೊರೆಯ ಹತ್ತಿರದ ಮನುಷ್ಯ ಎಡ್ರಿಕ್. ಅವನು ಮಧ್ಯ ಇಂಗ್ಲೆಂಡಿನ ಮರ್ಸಿಯದ ಪ್ರಾಂತಾಧಿಪತಿ, ದೊರೆಯ ಮಗಳನ್ನೇ ಮದುವೆಯಾದವನು. ಅವನ ಸಹೋದರ ಬ್ರಿಟ್ರಿಕ್. ಈ ಬ್ರಿಟ್ರಿಕ್ ಇನ್ನೊಬ್ಬ ನಾಯಕ ವುಲ್ಫ್ನಾತನ ಮೇಲೆ ದೊರೆಗೆ ದೂರು ಹೇಳಿದ. ವುಲ್ಫ್ನಾತ್ ಹೆದರಿ 20 ಹಡಗುಗಳವರನ್ನು ಒಲಿಸಿಕೊಂಡು ಓಡಿಹೋದ. ಓಡಿದವನು ತನ್ನ ನಾಡಿನದೇ ದಕ್ಷಿಣ ಕರಾವಳಿಯನ್ನು ದೋಚತೊಡಗಿದ. ಅವನನ್ನು ಹಿಡಿದು ಹೆಸರು ಮಾಡುವ ಆಸೆಯಿಂದ ಬ್ರಿಟ್ರಿಕ್ 80 ಹಡಗು ತೆಗೆದುಕೊಂಡು ಬೆನ್ನಟ್ಟಿದ. ಬಿರುಗಾಳಿ ಎದ್ದು ಆ ಹಡಗುಗಳು ದಡಕ್ಕೆ ಬಡಿದು ಒಡೆದವು. ವುಲ್ಫ್ನಾತ್ ಬಂದು ಉಳಿದದ್ದನ್ನು ಸುಟ್ಟ. ಸುದ್ದಿ ಕೇಳಿ ದೊರೆ ಮನೆಗೆ ಹೋದ. ಪ್ರಾಂತಾಧಿಪತಿಗಳೂ ಮನೆಗೆ ಹೋದರು. ಮಿಕ್ಕ ಹಡಗುಗಳು ಲಂಡನ್ನಿಗೆ ಮರಳಿದವು. ಬೇಲಿಯೇ ಎದ್ದು ಹೊಲ ಮೇಯ್ದಿತು. ವೈಕಿಂಗರ ಒಂದು ಬಾಣವೂ ಬೀಳದೆ, ಇಡೀ ನಾಡು ಬೆವರು ಸುರಿಸಿ ಕಟ್ಟಿದ ನೌಕಾಪಡೆ ಇಲ್ಲವಾಯಿತು.

ಅದೇ ವರ್ಷ ಆಗಸ್ಟಿನಲ್ಲಿ ಥಾರ್ಕೆಲ್ ಎಂಬ ನಾಯಕನ ಭಾರಿ ಪಡೆ ಅದೇ ಸ್ಯಾಂಡ್ವಿಚ್ಚಿಗೆ ಬಂದಿಳಿಯಿತು. ಆ ರೇವನ್ನು ಕಾಯುವವರು ಯಾರೂ ಇರಲಿಲ್ಲ.

ದೊರೆ ದೇವರ ಮೊರೆಹೊಕ್ಕ. ಸೆಪ್ಟೆಂಬರ್ ಕೊನೆಯ ಸಂತ ಮೈಕೇಲನ ಹಬ್ಬಕ್ಕೆ ಮುಂಚೆ ಮೂರು ದಿನ ಇಡೀ ದೇಶ ಉಪವಾಸ ಮಾಡಬೇಕು. ರೊಟ್ಟಿ, ನೀರು, ಸೊಪ್ಪು ಮಾತ್ರ. ಎಲ್ಲರೂ ಬರಿಗಾಲಿನಲ್ಲಿ ಚರ್ಚಿಗೆ ನಡೆಯಬೇಕು. ಆ ಸಮಯದಲ್ಲಿ ಒಂದು ವಿಶೇಷ ಪೆನ್ನಿ ಟಂಕಿಸಿದರು. ಅದರಲ್ಲಿ ದೊರೆಯ ತಲೆ ಇಲ್ಲ. ಒಂದು ಕಡೆ ಕ್ರಿಸ್ತನ ಸಂಕೇತವಾದ ಕುರಿಮರಿ, ಇನ್ನೊಂದು ಕಡೆ ಪಾರಿವಾಳ. ಇಂದು ಅಂಥ ನಾಣ್ಯಗಳು ಕೆಲವೇ ಉಳಿದಿವೆ. ಆ ಭಕ್ತಿಯನ್ನು ನಾನು ಸಂಶಯಿಸುವುದಿಲ್ಲ. ಜನರ ನೋವು ನಿಜ, ಅವರ ಪ್ರಾರ್ಥನೆಯೂ ನಿಜ. ಆದರೆ ದೊರೆ ಸರಿಪಡಿಸಬೇಕಾಗಿದ್ದದ್ದು ತನ್ನ ಸಭೆಯನ್ನು. ಅದು ಹಾಗೆಯೇ ಉಳಿಯಿತು.

ಕತ್ತಲೆಯ ಈ ವರ್ಷಗಳಲ್ಲಿ ಒಬ್ಬ ಮನುಷ್ಯ ಮಾತ್ರ ಎತ್ತರಕ್ಕೆ ನಿಲ್ಲುತ್ತಾನೆ. ಅವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಲ್ಫೆಜ್. 1011ರಲ್ಲಿ ಥಾರ್ಕೆಲನ ಪಡೆ ಕ್ಯಾಂಟರ್ಬರಿಯನ್ನು ಮುತ್ತಿತು. ಒಳಗಿನವನೊಬ್ಬನ ದ್ರೋಹದಿಂದ ಊರು ಬಿತ್ತು. ಆರ್ಚ್‌ಬಿಷಪ್ಪನನ್ನು ಸೆರೆಹಿಡಿದು ತಿಂಗಳುಗಟ್ಟಲೆ ಜೊತೆಯಲ್ಲಿ ಸುತ್ತಿಸಿದರು. ಮರುವರ್ಷ ರಾಜ್ಯ 48 ಸಾವಿರ ಪೌಂಡ್ ತೆತ್ತಿತು. ಆದರೂ ಅವನ ಬಿಡುಗಡೆಗೆ ಬೇರೆ ಹಣ ಬೇಕೆಂದರು. ತನಗಾಗಿ ಯಾರೂ ಒಂದು ಕಾಸೂ ಕೊಡಕೂಡದು ಎಂದು ಆಲ್ಫೆಜ್ ಕಟ್ಟುಮಾಡಿದ. ತನ್ನ ಒಕ್ಕಲುಗಳ ಬೆವರಿನಿಂದ ತನ್ನ ಪ್ರಾಣ ಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. 1012ರ ಏಪ್ರಿಲ್ 19ರಂದು, ಥೇಮ್ಸ್ ದಂಡೆಯ ಗ್ರೀನ್ವಿಚ್ಚಿನಲ್ಲಿ, ಕುಡಿದು ಅಮಲೇರಿದ ಪಡೆಯವರು ಅವನ ಮೇಲೆ ಎತ್ತಿನ ಮೂಳೆ, ತಲೆಬುರುಡೆ ಎಸೆದರು. ಕೊನೆಗೆ ಒಬ್ಬ ಕೊಡಲಿಯ ಹಿಂಬದಿಯಿಂದ ತಲೆಗೆ ಹೊಡೆದು ಕೊಂದ.

ಆ ಬಳಿಕ ಥಾರ್ಕೆಲ್ 45 ಹಡಗುಗಳೊಡನೆ ಎಥೆಲ್ರೆಡನ ಪಕ್ಷಕ್ಕೆ ಬಂದ, ನಾಡನ್ನು ಕಾಯುತ್ತೇನೆ ಎಂದ. ಅವನ ಪಡೆಯ ಸಂಬಳಕ್ಕಾಗಿ ಪ್ರತಿ ವರ್ಷ ಒಂದು ತೆರಿಗೆ ಎತ್ತತೊಡಗಿದರು. ಆ ತೆರಿಗೆ 1051ರವರೆಗೆ ನಡೆಯಿತು. ಯೋಚಿಸಿ ನೋಡಿ. ಸ್ವಂತ ನಾಯಕರು ಒಬ್ಬರನ್ನೊಬ್ಬರು ದೂರುತ್ತಿದ್ದಾಗ ದೊರೆ ಕೂಲಿಗೆ ಬಂದ ನಿನ್ನೆಯ ಶತ್ರುವನ್ನು ನಂಬಬೇಕಾಯಿತು.

ಇಷ್ಟಾದ ಮೇಲೆ ರಾಜ್ಯ ಬೀಳಲು ತಡವಾಗಲಿಲ್ಲ. 1013ರಲ್ಲಿ ಸ್ವೇನ್ ದೋಚಲು ಬರಲಿಲ್ಲ, ಆಳಲು ಬಂದ. ಉತ್ತರದ ಸೀಮೆಗಳು ಹೋರಾಡದೆ ಶರಣಾದವು. ಆಕ್ಸ್‌ಫರ್ಡ್ ಶರಣಾಯಿತು. ವಿಂಚೆಸ್ಟರ್ ಶರಣಾಯಿತು. ಲಂಡನ್ ಮಾತ್ರ ಎದುರಿಸಿತು. ಕೊನೆಗೆ ಅದೂ ಸೋತಿತು. ಎಥೆಲ್ರೆಡ್ ತನ್ನ ರಾಣಿ ಎಮ್ಮಾಳನ್ನೂ ಮಕ್ಕಳನ್ನೂ ಅವಳ ತವರಾದ ನಾರ್ಮಂಡಿಗೆ ಕಳಿಸಿದ. ಕ್ರಿಸ್ಮಸ್ ಹಬ್ಬವನ್ನು ವೈಟ್ ದ್ವೀಪದಲ್ಲಿ ಕಳೆದು, ತಾನೂ ಕಡಲು ದಾಟಿದ.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ 1014ರ ಫೆಬ್ರವರಿ 3ರಂದು ಸ್ವೇನ್ ಇದ್ದಕ್ಕಿದ್ದಂತೆ ತೀರಿಕೊಂಡ. ಡೇನರ ಪಡೆ ಅವನ ಮಗ ಕನ್ಯೂಟನನ್ನು ದೊರೆ ಎಂದಿತು. ಇಂಗ್ಲೆಂಡಿನ ಹಿರಿಯರ ಸಭೆ ಎಥೆಲ್ರೆಡನಿಗೆ ಹೇಳಿಕಳಿಸಿತು. ನಮ್ಮ ಹುಟ್ಟು ಒಡೆಯನಿಗಿಂತ ಪ್ರಿಯರು ನಮಗಿಲ್ಲ ಎಂದಿತು. ಆದರೆ ಒಂದು ಷರತ್ತು ಹಾಕಿತು. ಹಿಂದಿಗಿಂತ ನ್ಯಾಯವಾಗಿ ಆಳುವುದಾದರೆ ಮಾತ್ರ ಬರಬೇಕು.

ದೊರೆ ತನ್ನ ಎಳೆಯ ಮಗನ ಜೊತೆ ದೂತರನ್ನು ಕಳಿಸಿ ಉತ್ತರ ಕೊಟ್ಟ. ಒಳ್ಳೆಯ ಒಡೆಯನಾಗಿರುತ್ತೇನೆ. ನಿಮಗೆ ಬೇಡವಾದದ್ದನ್ನೆಲ್ಲ ತಿದ್ದುತ್ತೇನೆ. ನನ್ನ ವಿರುದ್ಧ ಆಡಿದ್ದು, ಮಾಡಿದ್ದು ಎಲ್ಲವನ್ನೂ ಮನ್ನಿಸುತ್ತೇನೆ. ನೀವೂ ಎರಡು ಬಗೆಯದೆ ನನ್ನ ಕಡೆಗೆ ಬರಬೇಕು. ಅದರ ತಾತ್ಪರ್ಯ ಇಷ್ಟು. ಎರಡೂ ಕಡೆ ಮಾತು, ಎರಡೂ ಕಡೆ ಆಣೆ.

ಕೇಳುಗರೇ, ಈ ಒಪ್ಪಂದದ ಮಹತ್ವ ದೊಡ್ಡದು. ಇಂಗ್ಲೆಂಡಿನ ದೊರೆಗೂ ಪ್ರಜೆಗಳಿಗೂ ನಡುವೆ ಆದ, ದಾಖಲೆ ಉಳಿದಿರುವ ಮೊದಲ ಒಪ್ಪಂದ ಇದೇ ಎಂದು ಇತಿಹಾಸಕಾರರು ಹೇಳುತ್ತಾರೆ. ಮ್ಯಾಗ್ನಾ ಕಾರ್ಟಾ ಎಂಬ ಹೆಸರಾಂತ ಸನದು ಹುಟ್ಟಿದ್ದು 1215ರಲ್ಲಿ. ಅದಕ್ಕೆ 200 ವರ್ಷ ಮೊದಲೇ, ಸೋತು ಸುಣ್ಣವಾದ ಒಂದು ನಾಡು ತನ್ನ ದೊರೆಗೆ ಷರತ್ತು ಹಾಕಿತು. ಅವರು ಕೇಳಿದ್ದು ಹಣವನ್ನಲ್ಲ, ಹಡಗನ್ನಲ್ಲ. ನ್ಯಾಯವನ್ನು ಕೇಳಿದರು. ರೋಗ ಎಲ್ಲಿದೆ ಎಂದು ಆ ಸಭೆಗೆ ಚೆನ್ನಾಗಿ ಗೊತ್ತಿತ್ತು.

ಅದೇ ಹೊತ್ತಿನಲ್ಲಿ ಯಾರ್ಕಿನ ಆರ್ಚ್‌ಬಿಷಪ್ ವುಲ್ಫ್‌ಸ್ಟನ್ ಇಂಗ್ಲಿಷರಿಗೆ ಒಂದು ಉಪದೇಶ ಮಾಡಿದ. ಅವನು ಬೈದದ್ದು ವೈಕಿಂಗರನ್ನಲ್ಲ, ತನ್ನವರನ್ನು. ಒಡೆಯನಿಗೆ ದ್ರೋಹ ಬಗೆದಿರಿ ಎಂದ. ಎಡ್ವರ್ಡ್ ದೊರೆಯನ್ನು ಕೊಂದರು, ಇನ್ನೊಬ್ಬ ದೊರೆಯನ್ನು ನಾಡಿನಿಂದ ಓಡಿಸಿದರು ಎಂದ. ಬಂಧುಗಳೇ ಬಂಧುಗಳನ್ನು ಹೊರನಾಡಿಗೆ ಮಾರುತ್ತಿದ್ದಾರೆ ಎಂದ. ಈ ಇಡೀ ಪಟ್ಟಿಯ ತಳದಲ್ಲಿ ಇದ್ದದ್ದು ಒಂದೇ ದೂರು. ಈ ನಾಡಿನಲ್ಲಿ ಮಾತಿಗೆ ಬೆಲೆ ಇಲ್ಲ.

ಒಪ್ಪಂದ ಮೊದಲು ಫಲ ಕೊಟ್ಟಿತು. ಎಥೆಲ್ರೆಡ್ ಮರಳಿ ಬಂದ. ಕನ್ಯೂಟ್ ಇದ್ದ ಲಿಂಡ್ಸೆ ಸೀಮೆಯ ಮೇಲೆ ಬಿದ್ದ. ಕನ್ಯೂಟ್ ಹಡಗು ಏರಿದ. ಹೋಗುವಾಗ ತನ್ನ ತಂದೆಗೆ ಇಂಗ್ಲಿಷರು ಕೊಟ್ಟಿದ್ದ ಒತ್ತೆಯಾಳುಗಳ ಕೈ, ಕಿವಿ, ಮೂಗು ಕತ್ತರಿಸಿ ಸ್ಯಾಂಡ್ವಿಚ್ಚಿನಲ್ಲಿ ಇಳಿಸಿದ. ಇತ್ತ ಎಥೆಲ್ರೆಡನ ಪಡೆ ಲಿಂಡ್ಸೆಯನ್ನು ಸುಟ್ಟು, ಸಿಕ್ಕವರನ್ನು ಕೊಂದಿತು. ಅಲ್ಲಿಯವರು ಕನ್ಯೂಟನಿಗೆ ಕುದುರೆ ಕೊಡಲು ಒಪ್ಪಿದ್ದರು ಎಂಬುದು ಕಾರಣ. ಎಲ್ಲವನ್ನೂ ಮನ್ನಿಸುತ್ತೇನೆ ಎಂದ ಮಾತಿನ ಮಸಿ ಇನ್ನೂ ಒಣಗಿರಲಿಲ್ಲ.

1015ರಲ್ಲಿ ಮಾತು ಪೂರ್ತಿ ಮುರಿಯಿತು. ಆಕ್ಸ್‌ಫರ್ಡಿನಲ್ಲಿ ದೊಡ್ಡ ಸಭೆ ಸೇರಿತ್ತು. ಉತ್ತರದ ಇಬ್ಬರು ಮುಖಂಡರು, ಸಿಗೆಫರ್ತ್ ಮತ್ತು ಮೊರ್ಕಾರ್, ಸಭೆಗೆ ಬಂದಿದ್ದರು. ಎಡ್ರಿಕ್ ಅವರನ್ನು ತನ್ನ ಬಿಡಾರಕ್ಕೆ ಕರೆದು ಕೊಲ್ಲಿಸಿದ. ದೊರೆ ಅವನನ್ನು ಶಿಕ್ಷಿಸಲಿಲ್ಲ. ಸತ್ತವರ ಆಸ್ತಿಯನ್ನು ತಾನೇ ವಶಪಡಿಸಿಕೊಂಡ. ಸಿಗೆಫರ್ತನ ವಿಧವೆಯನ್ನು ಮಾಮ್ಸ್‌ಬರಿಯಲ್ಲಿ ಸೆರೆ ಇಡಿಸಿದ. ಇದನ್ನು ಅವನ ಸ್ವಂತ ಮಗ ಎಡ್ಮಂಡ್ ಕೂಡ ಸಹಿಸಲಿಲ್ಲ. ಅಪ್ಪನ ಮಾತು ಮೀರಿ ಆ ವಿಧವೆಯನ್ನು ಬಿಡಿಸಿ ಮದುವೆಯಾದ. ಉತ್ತರಕ್ಕೆ ಹೋದ. ಅಲ್ಲಿನ ಜನ ಅವನನ್ನು ಒಡೆಯನೆಂದು ಒಪ್ಪಿಕೊಂಡರು.

ಅದೇ ವರ್ಷ ಕನ್ಯೂಟ್ ಮರಳಿ ಬಂದ. ದೊರೆ ಕಾಯಿಲೆ ಬಿದ್ದು ಮಲಗಿದ್ದ. ಎಡ್ರಿಕ್ 40 ಹಡಗುಗಳೊಡನೆ ಕನ್ಯೂಟನ ಕಡೆ ಸೇರಿಕೊಂಡ. ಹತ್ತು ವರ್ಷ ದೊರೆ ಯಾರನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದನೋ ಅವನೇ ಹೋದ. 1016ರ ಆರಂಭದಲ್ಲಿ ಎಡ್ಮಂಡ್ ಪಡೆ ಕಟ್ಟಿ, ಅಪ್ಪನನ್ನು ಬಂದು ನಿಲ್ಲುವಂತೆ ಬೇಡಿಕೊಂಡ. ದೊರೆ ಬಂದ. ಪಡೆಯೊಳಗೆ ಯಾರೋ ದ್ರೋಹಕ್ಕೆ ಹೊಂಚುತ್ತಿದ್ದಾರೆ ಎಂದು ಕಿವಿಗೆ ಬಿತ್ತು. ಕೂಡಲೇ ಪಡೆ ಬಿಟ್ಟು ಲಂಡನ್ನಿಗೆ ಹೊರಟುಹೋದ. ಆ ವರ್ಷ ಏಪ್ರಿಲ್ 23ರಂದು ಅಲ್ಲೇ ತೀರಿಕೊಂಡ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಎಡ್ಮಂಡ್ ಏಳು ತಿಂಗಳು ಸಿಂಹದ ಎದೆಯಿಂದ ಕಾದಿದ. ಎಡ್ರಿಕ್ ಮತ್ತೆ ಪಕ್ಷ ಬದಲಿಸಿ ಎಡ್ಮಂಡನ ಜೊತೆ ಸೇರಿದ, ಅಕ್ಟೋಬರಿನಲ್ಲಿ ನಡೆದ ಅಸಂಡುನ್ ಕಾಳಗದಲ್ಲಿ ಪಡೆ ಬಿಟ್ಟು ಓಡಿದ. ನವೆಂಬರ್ 30ರಂದು ಎಡ್ಮಂಡ್ ಸತ್ತ. ಕನ್ಯೂಟ್ ಇಡೀ ಇಂಗ್ಲೆಂಡಿನ ದೊರೆಯಾದ. ಅವನು 1017ರಲ್ಲಿ ಎಡ್ರಿಕನನ್ನು ಕೊಲ್ಲಿಸಿದ. 1018ರಲ್ಲಿ ಜನರಿಂದ 72 ಸಾವಿರ ಪೌಂಡ್ ಎತ್ತಿದ, ಲಂಡನ್ನಿನಿಂದ ಬೇರೆ 10 ಸಾವಿರಕ್ಕೂ ಹೆಚ್ಚು. ಎಥೆಲ್ರೆಡ್ ಒಂದೇ ಸಲಕ್ಕೆ ಇಷ್ಟು ಎತ್ತಿರಲಿಲ್ಲ. ಆದರೂ ಕನ್ಯೂಟನ ಆಳ್ವಿಕೆ ನಿಂತಿತು. ಏಕೆ? ಅದೇ ವರ್ಷ ಆಕ್ಸ್‌ಫರ್ಡಿನಲ್ಲಿ ಡೇನರೂ ಇಂಗ್ಲಿಷರೂ ಕೂತು, ಎಡ್ಗರನ ಕಾಲದ ಕಾನೂನಿನಂತೆ ನಡೆಯೋಣ ಎಂದು ಒಪ್ಪಿಕೊಂಡರು. ಒಳ್ಳೆಯ ಒಡೆಯನಾಗಿರುತ್ತೇನೆ ಎಂದು ಕನ್ಯೂಟ್ ಜನರಿಗೆ ಪತ್ರ ಬರೆದು ತಿಳಿಸಿದ. ಎಥೆಲ್ರೆಡನಿಗೆ ಕಾನೂನು ಬರೆದುಕೊಟ್ಟ ವುಲ್ಫ್‌ಸ್ಟನ್ನನೇ ಕನ್ಯೂಟನಿಗೂ ಬರೆದುಕೊಟ್ಟ. ಕಾನೂನು ಹಳೆಯದು. ಅದನ್ನು ನಡೆಸುತ್ತಾನೆ ಎಂಬ ಭರವಸೆ ಹೊಸದು.

ಎಥೆಲ್ರೆಡನಿಗೆ ನ್ಯಾಯವಾಗಿ ಸಲ್ಲಬೇಕಾದ ಒಂದು ಮಾತನ್ನೂ ಹೇಳಲೇಬೇಕು. ಅವನ ಆಳ್ವಿಕೆಯನ್ನು ಬರೆದ ವೃತ್ತಾಂತಕಾರ ಅದನ್ನು ಬರೆದದ್ದು ಎಲ್ಲ ಮುಗಿದ ಮೇಲೆ, ಸೋಲಿನ ನೋವಿನಲ್ಲಿ. ಹಾಗಾಗಿ ಅವನಿಗೆ ಎಲ್ಲವೂ ಸೋಲಿನ ಮುನ್ಸೂಚನೆಯಾಗಿಯೇ ಕಂಡಿತು. ಎಥೆಲ್ರೆಡನ ಕಾಲದಲ್ಲಿ ಒಳ್ಳೆಯದೂ ನಡೆಯಿತು. ವಾಂಟೇಜ್ ಎಂಬಲ್ಲಿ ಅವನು ಹೊರಡಿಸಿದ ಕಾನೂನಿನಲ್ಲಿ ಒಂದು ನಿಯಮವಿದೆ. ಊರಿನ 12 ಹಿರಿಯರು ಆಣೆ ಮಾಡಬೇಕು, ನಿರಪರಾಧಿಯನ್ನು ದೂರುವುದಿಲ್ಲ, ಅಪರಾಧಿಯನ್ನು ಮುಚ್ಚಿಡುವುದಿಲ್ಲ ಎಂದು. ಆಲ್ಫ್ರಿಕ್ ಎಂಬ ಇನ್ನೊಬ್ಬ, ಮಠದ ಪಂಡಿತ, ಸಾಮಾನ್ಯ ಜನರಿಗೆ ತಿಳಿಯಲೆಂದು ಇಂಗ್ಲಿಷಿನಲ್ಲೇ ಸೊಗಸಾದ ಗದ್ಯ ಬರೆದದ್ದು ಇದೇ ಕಾಲದಲ್ಲಿ. ಈ ದೊರೆ ಮೂರ್ಖನಲ್ಲ, ಸೋಮಾರಿಯೂ ಅಲ್ಲ. ಹಣ ಎತ್ತಬಲ್ಲವನು, ಹಡಗು ಕಟ್ಟಿಸಬಲ್ಲವನು, ಕಾನೂನು ಬರೆಸಬಲ್ಲವನು. ಆ ಕಾನೂನು 12 ಹಿರಿಯರಿಂದ ಕೇಳಿದ ಆಣೆಯನ್ನು ಅವನು ತನ್ನ ಸಭೆಯಿಂದ ಕೇಳಲಿಲ್ಲ. ತಾನೂ ಪಾಲಿಸಲಿಲ್ಲ. ನಿರಪರಾಧಿಗಳು ಸತ್ತರು, ಅಪರಾಧಿಗಳು ಅವನ ಪಕ್ಕದಲ್ಲೇ ಕೂತರು.

ಕೇಳುಗರೇ, ಇದು ದೂರದ ನಾಡಿನ, ದೂರದ ಕಾಲದ ಕಥೆ. ಆದರೂ ಇದು ನನ್ನನ್ನು ಬಿಡದೆ ಕಾಡುತ್ತದೆ. ಏಕೆಂದರೆ ಆ ಜನ ಎಲ್ಲವನ್ನೂ ಕೊಟ್ಟರು. ತೆರಿಗೆ ಕೊಟ್ಟರು, ಹಡಗು ಕಟ್ಟಿಕೊಟ್ಟರು, ಉಪವಾಸ ಮಾಡಿದರು, ಮಾಲ್ಡನ್ನಿನಲ್ಲಿ ಪ್ರಾಣ ಕೊಟ್ಟರು. ಓಡಿಹೋದ ದೊರೆಯನ್ನು ಮರಳಿ ಕರೆದರು. ಕೇಳಿದ್ದು ಒಂದನ್ನೇ, ನ್ಯಾಯವಾಗಿ ಆಳು ಎಂದು. ಆಳುವವರು ಪ್ರಜೆಗಳಿಂದ ಬಲವಂತವಾಗಿ ಪಡೆಯಬಹುದಾದದ್ದು ಬಹಳ ಇದೆ. ನಂಬಿಕೆ ಮಾತ್ರ ಆ ಪಟ್ಟಿಯಲ್ಲಿಲ್ಲ. ಅದನ್ನು ಗಳಿಸಬೇಕು, ಕೊಟ್ಟ ಮಾತನ್ನು ನಡೆಸಿ ಗಳಿಸಬೇಕು, ತಪ್ಪಿತಸ್ಥ ತನ್ನ ಅಳಿಯನಾದರೂ ನ್ಯಾಯದ ಮುಂದೆ ನಿಲ್ಲಿಸಿ ಗಳಿಸಬೇಕು. 1014ರಲ್ಲಿ ಎಥೆಲ್ರೆಡನಿಗೆ ಅಂಥ ಅವಕಾಶ ಎರಡನೆಯ ಸಲ ಸಿಕ್ಕಿತ್ತು. ಇತಿಹಾಸದಲ್ಲಿ ಅಷ್ಟು ಉದಾರವಾಗಿ ನಡೆದುಕೊಂಡ ಪ್ರಜೆಗಳು ಅಪರೂಪ. ಅವರ ಆ ಷರತ್ತು ನಮಗೆಲ್ಲ ನೆನಪಿರಲಿ. ಆಳುವವರನ್ನು ಒಪ್ಪಿಕೊಳ್ಳುವಾಗ ಯಾವ ಕಾಲದ, ಯಾವ ನಾಡಿನ ಜನವಾದರೂ ಮೊದಲು ಕೇಳಬೇಕಾದ ಷರತ್ತು ಅದೇ.